ಆಚೆದಡದ ಬಾಣಂತನ

ಬೆಳಗಾವಿ
ಮೂರನೆಯ ಕಡಲೇರಿಕೆಯ ನಂತರದ ಎಂಬತ್ತನೆಯ ವರ್ಷ, ಅಧಿಕ ಕಾರ್ತಿಕದ ಮೂವತ್ತೆರಡನೆಯ ದಿನ

ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿಯಾದ ಚಂಪಕ್ಕನವರಿಗೆ ಬಸಲಿಂಗವ್ವ ಮಾಡುವ ನಮಸ್ಕಾರಗಳು.

ತಾರೀಖು ಕಂಡು ಬೆಚ್ಚಬೇಡಿ. ಕಡಲು ಏರಿದ ಮೇಲೆ ನಾವು ಪಂಚಾಂಗವನ್ನು ಹಿಗ್ಗಿಸಿಕೊಂಡೆವು, ಮಾತನ್ನೂ ಹಿಗ್ಗಿಸಿಕೊಂಡೆವು. ಕೆಲವು ಪದಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಬಗ್ಗೆ ನನಗೆ ಗೊತ್ತಿರುವುದು ಎರಡೇ ಸಂಗತಿ. ನೀವು ದಿಲ್ಲಿಯಲ್ಲಿ ರಕ್ಷಣಾ ಇಲಾಖೆಯ ನೌಕರಿಯಲ್ಲಿದ್ದಿರಿ, ಮತ್ತು ನಮ್ಮ ಮನೆಯ ಅಂಟಿನುಂಡೆ ನಿಮ್ಮ ಕೈಯಿಂದ ಬಂದದ್ದು.

ನಾನು ಪಡುಗಡಲಿನ ಈ ದಡದ ಅಪ್ಪಣೆಗಾರ್ತಿ. ಎಂದರೆ, ನನ್ನ ಒಂದು ಮಾತಿಲ್ಲದೆ ನಮ್ಮ ಹಡಗುಗಳಾಗಲಿ ಅಸ್ತ್ರಗಳಾಗಲಿ ಹೊರಡುವಂತಿಲ್ಲ. ಆ ಮಾತು ಆಡಲಿ ಬಿಡಲಿ, ಅದಕ್ಕೆ ಮುಂಚೆ ತೀರಿಹೋದ ಹಿರಿಯರೊಬ್ಬರಿಗೆ ನನ್ನ ಕಾರಣಗಳನ್ನು ಬರೆದು ತಿಳಿಸಬೇಕೆಂಬುದು ಇಲ್ಲಿಯ ಕಾನೂನು. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ನನಗಿಂತ ಹಿಂದಿನವರು ನಾಲ್ಕು ಸಾಲು ಗೀಚಿ ಮುಗಿಸುತ್ತಿದ್ದರು. ನನಗೆ ಹಾಗೆ ಆಗುತ್ತಿಲ್ಲ. ನನ್ನ ಮಗಳು ಕಲ್ಯಾಣಿ ಆಚೆದಡದಲ್ಲಿ ಬಾಣಂತಿ, ಮತ್ತು ಈ ಹೊತ್ತು ನಮ್ಮ ಹಡಗುಗಳು ಆಚೆದಡದ ಹಡಗುಗಳಿಗೆ ಎದುರಾಗಿ ನಿಂತಿವೆ.

ಅವಳು ಅಲ್ಲಿಗೆ ಹೇಗೆ ಹೋದಳೆಂದು ಹೇಳಬೇಕು. ಪಡುಗಡಲಿನ ಎರಡೂ ದಡಗಳು ಎರಡು ಸಲ ಸುಟ್ಟುಹೋದ ಮೇಲೆ ತವರೊಪ್ಪಂದ ಆಯಿತು. ಅಪ್ಪಣೆ ಕೊಡುವ ಅಧಿಕಾರ ಯಾರಿಗಿದೆಯೋ ಅವರ ಹೆಣ್ಣುಮಕ್ಕಳು ಹೆರಿಗೆಗೆ ಎದುರು ದಡಕ್ಕೆ ಹೋಗಬೇಕು, ಅಲ್ಲಿಯ ಅಪ್ಪಣೆಗಾರರ ಮನೆಯಲ್ಲೇ ಬಾಣಂತನ ಮುಗಿಸಿಕೊಂಡು ಬರಬೇಕು. ನಿಮ್ಮವರು ಇದನ್ನು ಒತ್ತೆ ಎನ್ನುತ್ತಿದ್ದರು. ನಮ್ಮ ರಾಯಭಾರಿಗಳು ಒತ್ತೆಯಲ್ಲ, ಆತಿಥ್ಯ ಎನ್ನುತ್ತಾರೆ. ಅಳಿಯ ಅಲ್ಲ, ಮಗಳ ಗಂಡ. ಹೋಗಲು ಒಲ್ಲದವಳನ್ನು ಕಳಿಸುವಂತಿಲ್ಲ, ಆದರೆ ಆಗ ಹೆತ್ತವರು ಹುದ್ದೆ ಬಿಡಬೇಕು. ಬಿಡುತ್ತೇನೆಂದು ನಾನು ಹೇಳಿದ್ದೆ. ಕಲ್ಯಾಣಿ ಕೇಳಲಿಲ್ಲ. “ನೀ ಎದ್ದರ ಆ ಕುರ್ಚಿಗೆ ಮಕ್ಕಳಿಲ್ಲದಾಂವ ಒಬ್ಬ ಬಂದು ಕೂಡ್ತಾನ, ಅವ್ವಾ” ಎಂದು ನಗುತ್ತಲೇ ಗಂಟು ಕಟ್ಟಿದಳು.

ಅವಳು ಹೋದ ಮನೆ ಸಫೂರಾಳದು. ಆಚೆದಡದ ಅಪ್ಪಣೆಗಾರ್ತಿ ಅವಳೇ. ಅವಳ ಮಗಳು ರೈಹಾನಾ ನಮ್ಮ ಮನೆಯ ಒಳಕೋಣೆಯಲ್ಲಿ ಗಂಡು ಹೆತ್ತು ಮಲಗಿದ್ದಾಳೆ. ದಿನಾ ಬೆಳಗ್ಗೆ ನಾನೇ ಅವಳ ಬೆನ್ನಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತೇನೆ, ಕೂಸಿಗೆ ಲೋಬಾನದ ಹೊಗೆ ಹಿಡಿದು ಕುಂಚಿಗೆ ಕಟ್ಟುತ್ತೇನೆ, ಆಮೇಲೆ ಸೀರೆ ಬದಲಿಸಿ ಸೇನಾ ಸಭೆಗೆ ಹೋಗುತ್ತೇನೆ. ನನ್ನ ಕೈಯಿಂದ ಎಣ್ಣೆಯ ವಾಸನೆ ಹೋಗುವುದೇ ಇಲ್ಲ ಎಂದು ಸೇನಾಪತಿ ಮೂಗು ಮುರಿಯುತ್ತಾರೆ. ನಿಮ್ಮ ಅಂಟಿನುಂಡೆಯನ್ನು ರೈಹಾನಾ ಮೊದಲ ದಿನ ಮುಖ ಸಿಂಡರಿಸಿ ತಿಂದಳು. ಈಗ ಡಬ್ಬಿ ಎಲ್ಲಿ ಬಚ್ಚಿಟ್ಟರೂ ಹುಡುಕುತ್ತಾಳೆ.

ಸಫೂರಾಳನ್ನು ನಾನು ಬೀಗತಿ ಎನ್ನುತ್ತೇನೆ. ಕಲ್ಯಾಣಿಯಿಂದ ನಮ್ಮ ಮಾತನ್ನು ಅಷ್ಟಿಷ್ಟು ಕಲಿತು ಅವಳೂ ನನ್ನನ್ನು ಹಾಗೇ ಕರೆಯುತ್ತಾಳೆ. ದಿನಾ ಸಂಜೆ ತಂತಿಯಲ್ಲಿ ಮಾತಾಡುತ್ತಿದ್ದೆವು, ಎಂದರೆ ಜಗಳಾಡುತ್ತಿದ್ದೆವು. ಹಸಿಬಾಣಂತಿಗೆ ಮೊಸರು ಕೊಡುವುದು ಅವರ ಪದ್ಧತಿ. ಮೊಸರು ಶೀತ, ತಾಯಿ ತಿಂದರೆ ಕೂಸಿಗೆ ಕೆಮ್ಮು ಎಂದು ನಾನು. ನಮ್ಮ ದಡದಲ್ಲಿ ಎಲ್ಲರೂ ಮೊಸರು ಕುಡಿದೇ ಬೆಳೆದವರು ಎಂದು ಅವಳು. ಮೀನುಗಾರಿಕೆಯ ಗಡಿಯನ್ನು ನಾವಿಬ್ಬರೂ ಒಂದು ಮಧ್ಯಾಹ್ನದಲ್ಲಿ ಬಗೆಹರಿಸಿದ್ದೆವು. ಮೊಸರು ಮಾತ್ರ ಬಗೆಹರಿಯಲಿಲ್ಲ.

ಹೋದ ವಾರ ಕಡಲಡಿಯ ಆ ತಂತಿ ಕಡಿಯಿತು. ಲಂಗರು ಸಿಕ್ಕಿ ಕಡಿದದ್ದೋ, ಯಾರಾದರೂ ಬೇಕೆಂದೇ ಕತ್ತರಿಸಿದ್ದೋ, ಈವರೆಗೆ ತಿಳಿದಿಲ್ಲ. “ನೀವೇ ಕತ್ತರಿಸಿದಿರಿ” ಎಂದು ಎರಡೂ ದಡಗಳು ಒಂದರ ಮೇಲೊಂದು ಕೂಗುತ್ತಿವೆ. ತಂತಿ ಕಡಿಯುವ ಮುಂಚೆ ನನಗೆ ಕೊನೆಯದಾಗಿ ಕೇಳಿದ್ದು, ನಾನಿನ್ನೂ ಮುಖ ನೋಡದ ಮೊಮ್ಮಗಳ ಕೆಮ್ಮು.

ಸಭೆಯವರು ಇವತ್ತು ಒಂದೇ ಮಾತು ಹೇಳಿದರು. ಗಾಳಿಬಂಡಿ ಸಿದ್ಧವಿದೆ, ಸದ್ದಿಲ್ಲದೆ ಹಾರಿಹೋಗಿ ಮಗಳನ್ನೂ ಕೂಸನ್ನೂ ಕರೆತರುತ್ತದೆ, ಆಮೇಲೆ ನೀವು ಧೈರ್ಯವಾಗಿ ಅಪ್ಪಣೆ ಕೊಡಬಹುದು. ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದರು. ಆದರೆ ಬಾಣಂತಿಯನ್ನು ಅರ್ಧಕ್ಕೆ ಕರೆಸಿಕೊಂಡರೆ ಅದೇ ಯುದ್ಧದ ಸಾರಿಕೆ ಎಂದು ಎರಡೂ ದಡದ ಮಕ್ಕಳಿಗೂ ಗೊತ್ತು.

ಮನೆಗೆ ಬಂದರೆ ರೈಹಾನಾ ಕೂಸನ್ನು ಎದೆಗವಚಿಕೊಂಡು ಕೂತಿದ್ದಳು. “ನನ್ನ ಕರಕೊಂಡು ಹೋಗಾಕ ನಮ್ಮವ್ವ ಬಂಡಿ ಕಳಸ್ತಾಳೇನ್ರಿ?” ಎಂದು ನಮ್ಮ ಮನೆಯಲ್ಲಿ ಕಲಿತ ಮಾತಿನಲ್ಲೇ ಕೇಳಿದಳು. ಕಳಿಸುವುದಿಲ್ಲ ಎಂದೆ. ನನಗೆ ಹೇಗೆ ಗೊತ್ತು, ಚಂಪಕ್ಕ? ನನಗೇನೂ ಗೊತ್ತಿಲ್ಲ. ಕಲ್ಯಾಣಿ ನನ್ನ ಒಬ್ಬಳೇ ಮಗಳು. ಆದರೂ ಗಾಳಿಬಂಡಿ ಬೇಡವೆಂದು ಹೇಳಿ ಕಳಿಸಿದೆ, ಅಪ್ಪಣೆಯನ್ನೂ ಕೊಡುವುದಿಲ್ಲ. ಕಾರಣ ಬರೆಯಬೇಕಲ್ಲ, ಇದು ಕಾರಣ: ಅಲ್ಲಿ ನನ್ನ ಕೂಸು ಕೆಮ್ಮುತ್ತಿದೆ, ಇಲ್ಲಿ ಬೀಗತಿಯ ಕೂಸು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದೆ.

ನಿಮ್ಮಲ್ಲಿ ಒಂದು ಬೇಡಿಕೆಯಿದೆ. ತವರೊಪ್ಪಂದ ಮಾಡಿ ಎಂದು ಕೇಳುವುದಿಲ್ಲ. ಇದು ಕ್ರೂರ ಪದ್ಧತಿ, ಎರಡು ಸಲ ಸುಟ್ಟುಕೊಂಡವರಿಗೆ ಮಾತ್ರ ಹೊಳೆಯುವಂಥದ್ದು. ನಿಮಗೆ ಇದರ ಗರಜು ಬೀಳದಿರಲಿ. ಆದರೆ ನಿಮ್ಮ ಕಚೇರಿಯಲ್ಲಿ ನಕ್ಷೆ ಹಾಸಿ, ಅದರ ಮೇಲೆ ಚುಕ್ಕೆ ಇಟ್ಟು ದೊಡ್ಡವರು ಮಾತಾಡುವಾಗ, ಯಾವ ಚುಕ್ಕೆಯ ಮೇಲಾದರೂ ಬೆರಳಿಟ್ಟು ಒಮ್ಮೆ ಕೇಳಿರಿ: “ಇಲ್ಲಿ ಯಾರ ಮನ್ಯಾಗ ಬಾಣಂತಿ ಅದಾಳ?” ನಗುತ್ತಾರೆ. ನಗಲಿ. ಇನ್ನೊಮ್ಮೆ ಕೇಳಿರಿ.

ಓಲೆ ಮಡಿಸುವಷ್ಟರಲ್ಲಿ ನೌಕಾಪಡೆಯವರು ಓಡಿ ಬಂದರು. ಆಚೆದಡದ ಮುಂಚೂಣಿ ಹಡಗಿನಿಂದ ನಮ್ಮ ಹಡಗಿಗೆ ದೀಪದ ಸನ್ನೆಯಲ್ಲಿ ಒಂದು ಸಂದೇಶ ಬಂದಿದೆಯಂತೆ, ಅದೂ ಕನ್ನಡದಲ್ಲಿ. ಇದು ಯಾವ ಗುಪ್ತ ಸಂಕೇತವೋ ಬಿಡಿಸಲಾಗುತ್ತಿಲ್ಲ ಎಂದು ಅವರು ತಲೆ ಕೆರೆದುಕೊಂಡು ನಿಂತಿದ್ದಾರೆ. ಚೀಟಿ ನನ್ನ ಕೈಯಲ್ಲಿದೆ, ಕಣ್ಣು ಮಂಜಾಗಿ ಮತ್ತೆ ಮತ್ತೆ ಓದುತ್ತಿದ್ದೇನೆ.

“ಬೀಗತಿ, ಮೊಸರು ಬಿಡಿಸೀನಿ. ಕೂಸಿನ ಕೆಮ್ಮು ನಿಂತದ.”