ಬುರುಲ್ ಹತ್ತುವ ಮುನ್ನ

ನಾರಿನ್, ಅಕ್ಟೋಬರ್ 9

ಅಪ್ಪನಿಗೆ ಸಲಾಂ.

ಸುದ್ದಿ ನಿಮಗೆ ಆಗಲೇ ತಲುಪಿರುತ್ತದೆ. ಭಾನುವಾರದ ಕೋಕ್-ಬೋರು ಕುದುರೆಯಾಟದಲ್ಲಿ, ಚೆಂಡಿನಂತೆ ಕಸಿದಾಡುವ ಸತ್ತ ಮೇಕೆಯನ್ನು ತೊಡೆಯಡಿ ಸಿಕ್ಕಿಸಿಕೊಂಡು ನಾನು ಗುರಿಯತ್ತ ತಿರುಗಿದಾಗ, ನಮ್ಮ ಕಂದು ಕುದುರೆ ಮುಂಗಾಲು ಮಡಿಸಿ ಕುಸಿಯಿತು. ನನಗೆ ಪೆಟ್ಟಾಗಿಲ್ಲ.

ಸಗಿನ್ ಮಾವ ಚಾಕು ಹಿಡಿದು ಓಡಿಬಂದರು. "ಪಕ್ಕಕ್ಕೆ ಸರಿಯೋ ಪೆದ್ದ! ಉಸಿರಿರೋವಾಗ್ಲೇ ಕೊಯ್ಯದಿದ್ರೆ ಕುದುರೆ ಮಾಂಸ ಹರಾಮಾಗತ್ತೆ, ತಿನ್ನೋ ಹಾಗಿಲ್ಲ. ಚಳಿಗಾಲಕ್ಕೆ ನಿಮ್ಮಪ್ಪ ನಿನ್ನ ಪದಕ ಬೇಯಿಸ್ಕೊಂಡು ತಿಂತಾನಾ?" ಎಂದರು. ಕುದುರೆ ಏಳುತ್ತದೆ ಎಂದುಕೊಂಡು ನಾನು ಅವರ ಕೈ ಹಿಡಿದುಕೊಂಡೆ. ಅದು ಏಳಲಿಲ್ಲ. ಮಾಂಸವೂ ದಕ್ಕಲಿಲ್ಲ, ಮೈದಾನದ ಆಚೆ ಹೂತೆವು.

ಹೂಳುವ ಮೊದಲು ಪಶುವೈದ್ಯರು ಎದೆ ಕೊಯ್ದು ನೋಡಿದರು. ಏನೂ ಕಾಣಲಿಲ್ಲ. ಓಟದಲ್ಲಿ ಬಡಿತ ತಾಳ ತಪ್ಪಿ ಹೃದಯ ನಿಂತಿರಬೇಕು ಎಂದರು. ಮೊದಲೇ ಏನಾದರೂ ಗೊತ್ತಾಗಿತ್ತೇ ಎಂದು ಕೇಳಿದರು. ಇಲ್ಲ ಎಂದೆ.

ಬೇಸಿಗೆಯಿಂದಲೇ ಗೊತ್ತಿತ್ತು, ಅಪ್ಪ. ಓಡಿಸಿ ನಿಲ್ಲಿಸಿದಾಗ ನನ್ನ ಕಾಲಿಗೆ ತಾಗುತ್ತಿದ್ದ ಬಡಿತ ನಡುವೆ ಒಮ್ಮೊಮ್ಮೆ ಇಲ್ಲವಾಗುತ್ತಿತ್ತು. ಹೇಳಿದ್ದರೆ ನೀವು ಆಡಲು ಬಿಡುತ್ತಿರಲಿಲ್ಲ.

ಸತ್ತ ಕುದುರೆಯ ತಾಯಿಗೇ ಹುಟ್ಟಿದ ಹೆಣ್ಣುಕುದುರೆಯನ್ನು ತಂಗಿ ಬುರುಲ್ ವಸಂತದ ಓಟಕ್ಕೆ ತಯಾರು ಮಾಡುತ್ತಿದ್ದಾಳಂತೆ. ಅವಳು ಇನ್ನೊಮ್ಮೆ ಹತ್ತುವ ಮುನ್ನ ಅದನ್ನು ಉದ್ದ ಹಗ್ಗ ಕಟ್ಟಿ ನಿಮ್ಮ ಸುತ್ತ ಓಡಿಸಿ, ಎಡ ಮುಂಗಾಲಿನ ಹಿಂದೆ ಕಿವಿಯಿಟ್ಟು ನೀವೇ ಕೇಳಿಸಿಕೊಳ್ಳಿ. ಅವಳನ್ನು ವಿಚಾರಿಸಬೇಡಿ. ಅವಳೂ ಇಲ್ಲ ಎನ್ನುತ್ತಾಳೆ.

ನಿಮ್ಮ ಮಗ,
ತಾಲಾಯ್