ಕರವಸ್ತ್ರದ ಕೆಳಗಿನ ಕೈ

ದುಮ್ಯಾತ್,
ಮೇ ೧೫, ಗುರುವಾರ

ಪ್ರೀತಿಯ, ಮುದ್ದಿನ, ಮೂಗಿನ ತುಂಬ ಮರದ ಪುಡಿ ತುಂಬಿಕೊಂಡಿರುವ ನನ್ನ ಅಪ್ಪಾ,

ಹೇಗಿದ್ದೀಯಾ? ಮೊಣಕಾಲು ಹೇಗಿದೆ? ಮಸ್ಕತ್‌ನಲ್ಲಿ ಈಗಲೇ ಬಿಸಿಲು ಕೆಂಡದಂತಿದೆ ಅಂತ ರಜೆಗೆ ಬಂದಿರುವ ನಿನ್ನ ಕೋಣೆಯ ಜೊತೆಗಾರ ಸಬ್ರಿ ಮಾಮ ಹೇಳಿದರು. ಕಾರ್ಖಾನೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡಿರುತ್ತೀಯೋ, ಅಥವಾ ಮೇಲಿನವರು ಬಂದಾಗ ಕಟ್ಟಿಕೊಂಡು ಅವರು ಹೋದ ಕೂಡಲೇ ಕುತ್ತಿಗೆಗೆ ಇಳಿಸುತ್ತೀಯೋ? ಎರಡನೆಯದೇ ಅಂತ ಅವರೇ ಗುಟ್ಟು ಬಿಟ್ಟುಕೊಟ್ಟಿದ್ದಾರೆ, ಆದ್ದರಿಂದ ಸುಳ್ಳು ಹೇಳಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ ಮೇಲೆ ಖರ್ಜೂರ ತಿನ್ನುವುದು ಲೆಕ್ಕಕ್ಕೆ ಬರುವುದಿಲ್ಲ ಅಂತ ನೀನು ಅವರಿಗೆ ಪಾಠ ಹೇಳಿದ್ದೂ ಗೊತ್ತಾಗಿದೆ. ಅಮ್ಮ ಅದನ್ನು ಕೇಳಿಸಿಕೊಂಡು, "ಬರಲಿ, ನಿಮ್ಮಪ್ಪನಿಗೆ ಲೆಕ್ಕ ನಾನು ಕಲಿಸ್ತೀನಿ" ಅಂದಿದ್ದಾಳೆ. ನಾನು ನಿನಗೆ ಈ ಮೊದಲು ಪತ್ರ ಬರೆದದ್ದು ಒಂದೇ ಸಲ, ಎರಡನೇ ಕ್ಲಾಸಿನಲ್ಲಿ, ಟೀಚರ್ ಬರೆಸಿದ್ದಕ್ಕೆ, ಅದೂ ಇಂಗ್ಲಿಷಿನಲ್ಲಿ. ಅದನ್ನು ಓದಿಸಿಕೊಳ್ಳಲು ನೀನು ಕಾರ್ಖಾನೆಯ ಗುಮಾಸ್ತನ ಮುಂದೆ ಟೋಪಿ ತೆಗೆದು ನಿಂತಿದ್ದೆಯಂತೆ. ಈ ಸಲ ನಮ್ಮ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಇದನ್ನು ನೀನೊಬ್ಬನೇ ಓದಬೇಕು. ಫೋನಿನಲ್ಲಿ ಹೇಳಲು ಹೊರಟರೆ ನೀನು "ಇರ್ಲಿ ಬಿಡು ಮಗಳೇ, ಅಮ್ಮನಿಗೆ ಕೊಡು ಫೋನು" ಅಂದುಬಿಡುತ್ತೀಯಾ. ಕಾಗದವಾದರೆ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಜೂನ್ ಒಂದಕ್ಕೆ ನಾವಿಬ್ಬರೂ ಪೋರ್ಚುಗಲ್‌ನಲ್ಲಿ ಇರಬೇಕು. ಹೇಗೂ ಹೊರಡುವವರಿಗೆ ಬೇರೆ ಮನೆ ಯಾಕೆ ಅಂತ ಮದುವೆಯಾದಾಗಿನಿಂದ ಅಮ್ಮನ ಜೊತೆಗೇ ಇದ್ದೇವೆ, ಆದ್ದರಿಂದ ಈಗ ನಡುಮನೆಯ ತುಂಬ ಬಾಯಿ ತೆರೆದ ಪೆಟ್ಟಿಗೆಗಳು. ತಲೆಗೆ ಇಪ್ಪತ್ತಮೂರು ಕಿಲೋ ಮಾತ್ರ ಒಯ್ಯಬಹುದು. ಅಮ್ಮ ಒಣಗಿಸಿದ ಮುಲುಖಿಯಾ ಸೊಪ್ಪೇ ನಾಲ್ಕು ಕಿಲೋ ಕಟ್ಟಿದ್ದಾಳೆ. ಅದರ ಮೇಲೆ ಚೀಸಿನ ಡಬ್ಬಿ, ಅದರ ಮೇಲೆ ಉಪ್ಪು. ಹೌದು ಅಪ್ಪಾ, ಉಪ್ಪು. "ಅಮ್ಮಾ, ಆ ಊರು ಸಮುದ್ರದ ದಡದಲ್ಲೇ ಇದೆ" ಅಂದರೆ, "ಸಮುದ್ರ ಇದ್ದ ಮಾತ್ರಕ್ಕೆ ಅವರಿಗೆ ಅಡುಗೆಗೆ ಉಪ್ಪು ಹಾಕೋಕೆ ಬರುತ್ತೆ ಅಂತ ಏನು?" ಅಂದಳು. ರಾಫತ್ ಚಿಕ್ಕಪ್ಪ ತನ್ನ ಮಿಠಾಯಿ ಅಂಗಡಿಯ ತಕ್ಕಡಿಯನ್ನೇ ಹೊತ್ತು ತಂದು ನಡುಮನೆಯಲ್ಲಿ ಇಟ್ಟಿದ್ದಾನೆ. ಒಂದು ಕಡೆ ನನ್ನ ಪೆಟ್ಟಿಗೆ, ಇನ್ನೊಂದು ಕಡೆ ಕಬ್ಬಿಣದ ತೂಕದ ಕಲ್ಲು. ದಿನಕ್ಕೆ ಮೂರು ಸಲ ತೂಗುತ್ತೇವೆ. ಪ್ರತಿ ಸಲವೂ ಹೊರಗೆ ತೆಗೆಯುವುದು ಹಾಝೆಮ್‌ನ ಅಂಗಿಯನ್ನೇ, ಪಾಪ. ನಿನ್ನ ಸಣ್ಣ ಉಳಿಗಳು ಆರೂ ನನ್ನ ಉಣ್ಣೆಯ ಕಾಲುಚೀಲಗಳ ಒಳಗೆ ಭದ್ರವಾಗಿವೆ. ಅಲ್ಲಿ ಒಳ್ಳೊಳ್ಳೆಯ ಉಪಕರಣ ಕೊಡುತ್ತಾರಂತೆ, ಆದರೂ ಹಿಡಿ ಸವೆದ ಆ ಚಿಕ್ಕ ಉಳಿ ಇಲ್ಲದೆ ನನ್ನ ಬೆರಳು ಕೆಲಸ ಮಾಡುವುದಿಲ್ಲ. ಅದು ನಿನ್ನ ಹೆಬ್ಬೆರಳಿಗೆ ಸವೆದ ಜಾಗ. ನನ್ನದು ಅಲ್ಲಿ ಸರಿಯಾಗಿ ಕೂರುವುದೂ ಇಲ್ಲ.

ಹಾಝೆಮ್‌ನ ಬಗ್ಗೆ ಬರೆಯಲು ಕೂತರೆ ಈ ಕಾಗದ ಸಾಲದು, ನೀನು ನಗುತ್ತೀಯಾ, ನಗು. ಮೂರು ತಿಂಗಳಾಯಿತು, ಇನ್ನೂ ಅವನು ಬಾಗಿಲು ತಟ್ಟಿದರೆ ನಾನು ಕನ್ನಡಿಯ ಕಡೆ ಓಡುತ್ತೇನೆ. ತನ್ನ ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಬಂದು ಸಂಜೆ ನನ್ನ ಹತ್ತಿರ ಪೋರ್ಚುಗಲ್ಲಿನ ಬಸ್ಸಿನ ಹೆಸರುಗಳನ್ನು ಬಾಯಿಪಾಠ ಒಪ್ಪಿಸುತ್ತಾನೆ, ತಪ್ಪಿದರೆ ತನಗೆ ತಾನೇ ಸೊನ್ನೆ ಹಾಕಿಕೊಳ್ಳುತ್ತಾನೆ. ನಿನಗೆ ಅವನು ಗೊತ್ತಿಲ್ಲ ಅನ್ನುವುದೇ ನನಗೆ ಆಗಾಗ ಮರೆತುಹೋಗುತ್ತದೆ. ನಿಶ್ಚಿತಾರ್ಥಕ್ಕೆ ನೀನು ಫೋನಿನಲ್ಲಿ ಬಂದೆ. ಹೋದ ವರ್ಷ ನೀನು ರಜೆಗೆ ಬಂದಾಗ ಅವನು ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದ. ಅಲ್ಲಿಯೂ ಅವನಿಗೆ ಸಿಕ್ಕಿದ್ದು ಬರೆಯುವ ಕೆಲಸವೇ, ಕೈ ಮೆತ್ತಗೇ ಉಳಿದಿದೆ. ನೀನು ಆಗ ಹೇಳಿದ್ದು ನೆನಪಿದೆಯಾ? "ನಿಕಾಹ್ ದಿನ ಶೇಖ್ ಓದಿಸುವಾಗ ಕರವಸ್ತ್ರದ ಕೆಳಗೆ ಅವನ ಕೈ ಒಂದು ನಿಮಿಷ ಹಿಡಿದರೆ ಸಾಕು ಕಣೇ, ಆಳು ಎಂಥವನು ಅಂತ ಗೊತ್ತಾಗುತ್ತೆ. ಮರ ಮುಟ್ಟಿ ನೋಡಿದ ಹಾಗೆ." ನಾನು ಬಾಯಿ ಸುಮ್ಮನಿರದೆ ಅದನ್ನು ಅವನಿಗೆ ಹೇಳಿಬಿಟ್ಟೆ. ಅವತ್ತಿನಿಂದ ಅವನು ಜೇಬಿನಲ್ಲಿ ಒಂದು ರಬ್ಬರ್ ಚೆಂಡು ಇಟ್ಟುಕೊಂಡು ಬಲಗೈಯಲ್ಲಿ ಹಿಸುಕುತ್ತಾ ತಿರುಗುತ್ತಿದ್ದ. ಬಸ್ಸಿನಲ್ಲಿ, ಪರೀಕ್ಷೆಯ ಕೋಣೆಯಲ್ಲಿ, ಅಮ್ಮನ ಎದುರು ಊಟಕ್ಕೆ ಕೂತಾಗಲೂ. "ಕರವಸ್ತ್ರದ ಕೆಳಗೆ ನಾನು ಕಿರುಚಿಬಿಟ್ಟರೆ ಮದುವೆ ಆಗುತ್ತೋ ಇಲ್ವೋ?" ಅಂತ ಕೇಳುತ್ತಿದ್ದ.

ಆಮೇಲೆ ಜನವರಿಯಲ್ಲಿ ಪೋರ್ಚುಗಲ್‌ನ ವಸ್ತುಸಂಗ್ರಹಾಲಯದಿಂದ ಆ ಪತ್ರ ಬಂತು. ಒಂದು ವರ್ಷ ಅವರ ಕಾರ್ಯಾಗಾರದಲ್ಲಿದ್ದು ಹಳೆಯ ಮರದ ಬಾಗಿಲು, ಪೆಟ್ಟಿಗೆಗಳ ದುರಸ್ತಿ ಕಲಿಯಬಹುದು, ಗಂಡನನ್ನೂ ಕರೆತರಬಹುದು, ಅದಕ್ಕೆ ಫೆಬ್ರವರಿ ಹತ್ತರೊಳಗೆ ಮದುವೆಯ ದಾಖಲೆ ಕಳಿಸಬೇಕು ಅಂತ. ಮನೆಯಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ. ನಾನು ಓದಿ ಹೇಳಿದೆ, ಎಲ್ಲರೂ ಕೇಳಿದರು. ನಿನ್ನ ರಜೆ ಇದ್ದದ್ದು ಏಪ್ರಿಲ್ ಕೊನೆಗೆ. ನೀನು ಫೋನಿನಲ್ಲಿ "ಏಪ್ರಿಲ್‌ವರೆಗೆ ಬಿಡ್ತಾರಾ ಅಂತ ಒಂದು ಮಾತು ಕೇಳಿ ನೋಡೋಕಾಗುತ್ತಾ ಮಗಳೇ?" ಅಂದೆ. "ಇಲ್ಲಪ್ಪಾ, ಸ್ಪಷ್ಟವಾಗಿ ಬರೆದಿದ್ದಾರೆ" ಅಂದೆ ನಾನು. "ಹಾಗಿದ್ರೆ ಸರಿ. ಓದಿದವಳು ನೀನು" ಅಂದೆ. ಅಷ್ಟೇ. ಮಾರನೆಯ ದಿನವೇ ನೀನು ಕೆಲಸಕ್ಕೆ ಹೋಗದೆ ರಾಯಭಾರ ಕಚೇರಿಯ ಸಾಲಿನಲ್ಲಿ ನಿಂತು, ನಿನ್ನ ಪರವಾಗಿ ನಿನ್ನ ತಮ್ಮನೇ ಮಗಳನ್ನು ಕೊಡಬಹುದು ಅಂತ ಅಧಿಕಾರಪತ್ರ ಮಾಡಿಸಿ ಕಳಿಸಿದೆ. ಹನ್ನೊಂದು ದಿನದಲ್ಲಿ ಮದುವೆ ಮುಗಿಯಿತು. ಹಾಝೆಮ್‌ನ ಕೈ ಹಿಡಿದದ್ದು ರಾಫತ್ ಚಿಕ್ಕಪ್ಪ. ಅಂಗಡಿಯಿಂದ ನೇರ ಬಂದಿದ್ದನಲ್ಲ, ಬೆರಳಿಗೆ ಸಕ್ಕರೆ ಪಾಕ ಅಂಟಿಕೊಂಡೇ ಇತ್ತು, ಶೇಖ್ ಸಾಹೇಬರು ಮೇಲೆ ಹೊದಿಸಿದ ಬಿಳಿ ಕರವಸ್ತ್ರ ತೆಗೆದಾಗ ಇಬ್ಬರ ಕೈಯೂ ಬಿಡಿಸಿಕೊಳ್ಳುವುದು ತಡವಾಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ, ಮುಂದಿನ ಮದುವೆ ತಮ್ಮದಾಗಲಿ ಅಂತ ಗೆಳತಿಯರು ಕರವಸ್ತ್ರಕ್ಕಾಗಿ ಕಿತ್ತಾಡಿದರು, ಕೆಂಪು ಶರಬತ್ತು ನನ್ನ ಬಿಳಿ ಉಡುಪಿನ ಮೇಲೆ ಚೆಲ್ಲಿತು. ಅಂಗಡಿಯಲ್ಲಿ ಹಿಂದಿನ ದಿನ ಕೊಂಡ ಕರವಸ್ತ್ರ ಅದು. ನಿನ್ನ ಮದುವೆಯಲ್ಲಿ ಅಜ್ಜನ ಕೈಮೇಲೂ ನಿನ್ನ ಕೈಮೇಲೂ ಹೊದಿಸಿದ್ದನ್ನು ನೀನು ನನ್ನ ಮದುವೆಗೆಂದು ಎತ್ತಿಟ್ಟಿದ್ದೀಯಾ ಅನ್ನುವುದು ನನಗೆ ಗೊತ್ತಿತ್ತು. ಅದು ಮಸ್ಕತ್‌ನಲ್ಲಿ ನಿನ್ನ ಪೆಟ್ಟಿಗೆಯಲ್ಲಿತ್ತು. ಚಿಕ್ಕಪ್ಪ "ನನ್ನ ಅಣ್ಣನ ಪರವಾಗಿ" ಅಂತ ಹೇಳುವಾಗ ಒಂದು ಕ್ಷಣ ನಿನ್ನನ್ನು ನೆನೆದೆ. ಒಂದೇ ಕ್ಷಣ ಅಪ್ಪಾ. ಆಮೇಲೆ ಹಾಝೆಮ್‌ನ ಮುಖವನ್ನೇ ನೋಡುತ್ತಾ ಕೂತೆ. ಚಿಕ್ಕಮ್ಮನ ಕೈಯಲ್ಲಿದ್ದ ಫೋನಿನ ಕಡೆ, ಅದರೊಳಗೆ ನೀನಿದ್ದ ಕಡೆ, ಒಂದು ಸಲವೂ ತಿರುಗಲಿಲ್ಲ.

ಏಪ್ರಿಲ್‌ನಲ್ಲಿ ನೀನು "ಕಂಪನಿಯವರು ಈ ಸಲ ರಜೆ ಕೊಡಲಿಲ್ಲ" ಅಂದೆ. ನಾವು ಮೂವರೂ ಕೂತು ಕಂಪನಿಗೆ ಹಿಡಿಶಾಪ ಹಾಕಿದೆವು. ಹೋದ ಭಾನುವಾರ ಸಬ್ರಿ ಮಾಮ ನೀನು ಕೊಟ್ಟ ಲೋಬಾನ, ಹಲ್ವಾ ಎಲ್ಲ ತಂದುಕೊಟ್ಟು ಚಹಾಕ್ಕೆ ಕೂತರು. ಅಮ್ಮ ಮತ್ತೆ ಶುರುಮಾಡಿದಳು, ಮಗಳು ದೇಶ ಬಿಟ್ಟು ಹೋಗುವಾಗ ಒಂದು ವಾರ ರಜೆ ಕೊಡದ ಅವರು ಎಂಥ ಮನುಷ್ಯರು ಅಂತ. ಸಬ್ರಿ ಮಾಮ ಲೋಟ ಕೆಳಗಿಟ್ಟು, "ಯಾರಮ್ಮಾ ಕೊಡಲಿಲ್ಲ ಅಂದಿದ್ದು? ನಾನು ಬಂದಿರೋದೇ ನಿಮ್ಮ ಮನೆ ಮೇಸ್ತ್ರಿಯ ರಜೆಯಲ್ಲಿ. ನಂದು ಆಗಸ್ಟ್‌ನಲ್ಲಿತ್ತು, ಅದನ್ನ ಅವನು ತಗೊಂಡ, ಇದನ್ನ ನನಗೆ ಕೊಟ್ಟ. ಮದುವೆ ಆಗಿಹೋಯ್ತು, ಈಗ ಹೋಗಿ ಅವರ ಪೆಟ್ಟಿಗೆ ಹೊರಲಾ ಅಂದ" ಅಂದರು. ಹೇಳಿದ ಮೇಲೆ ಹೇಳಬಾರದಿತ್ತು ಅಂತ ಅವರಿಗೆ ಗೊತ್ತಾಯಿತು. ಅಮ್ಮ ಎದ್ದು ಅಡುಗೆಮನೆಗೆ ಹೋದಳು, ಒಲೆಯ ಮೇಲೆ ಏನೂ ಇರಲಿಲ್ಲ. ಮಾತು ಹಗುರ ಮಾಡಲು ಮಾಮ ನಗುತ್ತಾ ಇನ್ನೊಂದು ಹೇಳಿದರು. "ನಿನ್ನ ನಿಕಾಹ್ ದಿನ ಮೇಸ್ತ್ರಿ ಇಸ್ತ್ರಿ ಅಂಗಿ ಹಾಕ್ಕೊಂಡು ಮಂಚದ ಮೇಲೆ ಫೋನ್ ನಿಲ್ಲಿಸಿ, 'ಸಬ್ರಿ, ಕೈ ಕೊಡೋ' ಅಂದ. ನನ್ನ ಕೈ ಹಿಡಿದು ಮೇಲೆ ಆ ಹಳೇ ಕರವಸ್ತ್ರ ಹೊದಿಸಿದ. ಫೋನಲ್ಲಿ ನಿಮ್ಮ ಮನೆ ಫ್ಯಾನ್ ಒಂದು ಬಿಟ್ಟು ಏನೂ ಕಾಣ್ತಿರಲಿಲ್ಲ. ಆದ್ರೂ ಶೇಖ್ ಹೇಳಿಕೊಟ್ಟಿದ್ದನ್ನೆಲ್ಲ ತಾನೂ ಮೆಲ್ಲಗೆ ಹೇಳ್ತಾ ಹೋದ. ಏನು ಹಿಡಿತ ಅಂತೀಯಾ, ಎರಡು ದಿನ ನನಗೆ ಸುತ್ತಿಗೆ ಎತ್ತೋಕಾಗಲಿಲ್ಲ. ನಿನ್ನ ಗಂಡ ಪುಣ್ಯವಂತ, ತಪ್ಪಿಸ್ಕೊಂಡ." ಹಾಝೆಮ್ ನಗಲಿಲ್ಲ. ತನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತಿದ್ದ.

ಆವತ್ತಿನಿಂದ ಪೆಟ್ಟಿಗೆ ತುಂಬುವುದಕ್ಕೆ ನನಗೆ ಕೈ ಏಳುತ್ತಿಲ್ಲ. ಆಗಸ್ಟ್‌ನಲ್ಲಿ ನೀನು ಬರುತ್ತೀಯಾ, ನಾವು ಇರುವುದಿಲ್ಲ. ನಾವು ಇಲ್ಲದ ಹೊತ್ತು ನೋಡಿಯೇ ನೀನು ಬರುತ್ತಿದ್ದೀಯಾ. ಅದು ಕೋಪವಾಗಿದ್ದರೆ ನಾನು ಎದುರಿಗೆ ನಿಂತು ಬೈಸಿಕೊಳ್ಳುತ್ತಿದ್ದೆ. ಕೋಪವಲ್ಲ ಅಂತ ಗೊತ್ತಿರುವುದರಿಂದಲೇ ಏನು ಮಾಡಬೇಕೋ ತಿಳಿಯುತ್ತಿಲ್ಲ. ಮೊನ್ನೆ ಶೇಖ್ ಸಾಹೇಬರ ಹತ್ತಿರ ನಾನೇ ಹೋಗಿ, ಅಪ್ಪ ಬಂದಾಗ ನಿಕಾಹ್ ಇನ್ನೊಂದು ಸಲ ಓದಿಸಬಹುದಾ ಅಂತ ಕೇಳಿದೆ. "ಇನ್ನೊಂದು ಸಲ ಬೇಕಂದ್ರೆ ಮೊದಲು ಅವನಿಂದ ತಲಾಖ್ ತಗೋಬೇಕಮ್ಮಾ, ತಗೋತೀಯಾ?" ಅಂತ ನಕ್ಕರು. ಆ ಒಂದು ನಿಮಿಷ ಒಂದೇ ಸಲ ಬರುವುದು, ಅದನ್ನು ನಾನು ಚಿಕ್ಕಪ್ಪನ ಕೈಗೆ ಕೊಟ್ಟುಬಿಟ್ಟೆ. ದಿನಾಂಕ ನಮ್ಮ ಕೈಯಲ್ಲಿ ಇರಲಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನನಗೆ ನಾನೂ ಹೇಳಿಕೊಂಡಿದ್ದೇನೆ.

ಇಲ್ಲಿಗೆ ಸಾಕು, ಕಾಗದ ಒದ್ದೆಯಾದರೆ ಶಾಯಿ ಹರಡುತ್ತದೆ. ಅಮ್ಮ ನೆನಪು ಹೇಳಿದ್ದಾಳೆ, ಖರ್ಜೂರದ ವಿಷಯ ಮರೆತಿಲ್ಲ ಅಂತಲೂ ಹೇಳಿದ್ದಾಳೆ. ಹಾಝೆಮ್ ನಿನ್ನ ಕೈಗೆ ಮುತ್ತಿಡುತ್ತಾನೆ, ದೂರದಿಂದ. ದೇವರು ನಿನ್ನ ಕಣ್ಣು, ಮೊಣಕಾಲು, ಹತ್ತೂ ಬೆರಳು ಕಾಪಾಡಲಿ.

ಎಷ್ಟು ದೊಡ್ಡವಳಾದರೂ ನಿನ್ನ ಕೆಲಸದ ಮೇಜಿನ ಕೆಳಗೆ ಕೂತು ಮರದ ಹೊಟ್ಟು ಆರಿಸುವ,
ರದ್ವಾ

ಮರೆತ ಮಾತು: ಶನಿವಾರ ಬೆಳಿಗ್ಗೆ. ರಜೆ ಮುಗಿಸಿ ಮರಳುತ್ತಿರುವ ಸಬ್ರಿ ಮಾಮ ಈ ಪತ್ರ ಒಯ್ಯಲು ಬಾಗಿಲಲ್ಲಿ ಆಟೋ ನಿಲ್ಲಿಸಿಕೊಂಡು "ಪತ್ರಾನಾ, ಪುಸ್ತಕಾನಾ ಬರೀತಿರೋದು?" ಅಂತ ಕೂಗುತ್ತಿದ್ದಾರೆ, ಅದಕ್ಕೇ ಅಕ್ಷರ ಹೀಗಿದೆ. ಮರೆತಿದ್ದಲ್ಲ ಅಪ್ಪಾ. ಆ ಪತ್ರಕ್ಕೆ ಎರಡನೆಯ ಪುಟ ಇತ್ತು. ಅದರ ಕೊನೆಗೆ, ಈ ದಿನಾಂಕಗಳು ಅನುಕೂಲವಾಗದಿದ್ದರೆ ನಮಗೆ ತಿಳಿಸಿ, ಸೆಪ್ಟೆಂಬರ್‌ನಲ್ಲಿಯೂ ಬಂದು ಸೇರಬಹುದು ಅಂತ ಬರೆದಿತ್ತು. ನೀನು ಕೇಳಿ ನೋಡು ಅಂದಾಗ ಆ ಪುಟ ನನ್ನ ಕೈಯಲ್ಲೇ ಇತ್ತು. ಕೇಳಿದರೆ ಬೇರೆಯವರಿಗೆ ಕೊಟ್ಟುಬಿಟ್ಟರೆ ಅಂತ ಹೆದರಿದೆ. ಅದು ಅರ್ಧ ನಿಜ. ಎರಡು ವರ್ಷ ಕಾದಿದ್ದೆ, ಇನ್ನು ಮೂರು ತಿಂಗಳು ಹಾಝೆಮ್ ಇಲ್ಲದೆ ಇರಲು ನನಗೆ ಇಷ್ಟವಿರಲಿಲ್ಲ, ಅದು ಉಳಿದರ್ಧ. ನೀನು ಇಂಗ್ಲಿಷ್ ಶಾಲೆಗೆ ಸೇರಿಸಿದ್ದು ಮನೆಯವರಿಗೆ ಸರಿಯಾಗಿ ಓದಿ ಹೇಳಲಿ ಅಂತ. ಮೊನ್ನೆ ಹಾಝೆಮ್‌ಗೆ ಹೇಳಿದೆ. ಅವನು ಎದ್ದುಹೋಗಿ ಬಹಳ ಹೊತ್ತಿನ ಮೇಲೆ ಎರಡು ಲೋಟ ಚಹಾ ತಂದ. ಆಮೇಲೆ, "ಈಗ ಬರೆದು ಕೇಳು" ಅಂದ. ನಿನ್ನೆ ಬೆಳಿಗ್ಗೆ ಬರೆದೆ, ಮೂರೇ ಸಾಲು. ಅವನು ಶುಕ್ರವಾರದ ನಮಾಜ್ ಮುಗಿಸಿ ಮನೆಗೆ ಬರುವಷ್ಟರಲ್ಲಿ ಉತ್ತರ ಬಂದಿತ್ತು: ಖಂಡಿತ, ಸೆಪ್ಟೆಂಬರ್‌ನಲ್ಲಿ ಬನ್ನಿ. ಆಗಸ್ಟ್‌ನಲ್ಲಿ ನೀನು ಬರುವಾಗ ನಾವು ಇಲ್ಲೇ ಇರುತ್ತೇವೆ. ಬಾ ಅಂತ ಹೇಳುವ ಮುಖ ನನಗಿಲ್ಲ, ಆದರೂ ರಜೆಯನ್ನು ಮತ್ತೆ ಯಾರಿಗೂ ಕೊಡಬೇಡ. ಹಾಝೆಮ್ ತನ್ನ ರಬ್ಬರ್ ಚೆಂಡನ್ನು ಹುಡುಕುತ್ತಿದ್ದಾನೆ, ಅದನ್ನು ಯಾವ ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೋ ನೆನಪಾಗುತ್ತಿಲ್ಲ. ಅರ್ಧ ದಿನ ಅಪ್ಪಾ, ಉತ್ತರ ಬರಲು ಅರ್ಧ ದಿನ ಹಿಡಿಯಿತು. ಜನವರಿಯಲ್ಲಿ ಕೇಳಿದ್ದರೂ ಅಷ್ಟೇ ಹಿಡಿಯುತ್ತಿತ್ತು.