ಗೋಡೆಯ ಮೇಲೆ ಅಮ್ಮನ ಹೆಸರು

ಅಲೆಕ್ಸಾಂಡ್ರಿಯಾ, ನವೆಂಬರ್ 13, ಬುಧವಾರ

ಅಣ್ಣನ ಕೂಗು ಇನ್ನೂ ಕಿವಿಯಲ್ಲಿದೆ. ನಿದ್ದೆ ಹತ್ತುತ್ತಿಲ್ಲ.

ಕಲಾ ಸಂಗ್ರಹಾಲಯಕ್ಕೆ ಹೊಸದಾಗಿ ಸೇರಿಸಿದ ಕಟ್ಟಡ ನೋಡಲು ಇಬ್ಬರೂ ಹೋಗಿದ್ದೆವು. ಎತ್ತರದ ಬಿಳಿ ಗೋಡೆಗಳು, ಮೇಲಿನಿಂದ ಸುರಿಯುವ ಬೆಳಕು. ಕೊನೆಯ ಕೋಣೆಯಲ್ಲಿ ಅಮ್ಮ! ಹೆಗಲ ಮೇಲೆ ಒದ್ದೆ ಬಟ್ಟೆ ಹೊತ್ತು ನಮ್ಮ ಮಾಳಿಗೆಯ ಮೇಲೆ ನಿಂತಿದ್ದಾಳೆ. ನಾವು ಚಿಕ್ಕವರಿದ್ದಾಗ ಪಕ್ಕದ ಮನೆಯ ಚಿತ್ರಕಾರ ಬರೆದ ಚಿತ್ರ. ಅಣ್ಣನ ಕಣ್ಣು ತುಂಬಿತು. ಆಮೇಲೆ ಕೆಳಗಿನ ಫಲಕ ಓದಿದ: ‘ಅನ್ಫೂಶಿಯ ಸನಿಯ್ಯಾ.’ ಅನ್ಫೂಶಿ ನಮ್ಮ ಹಳೆಯ ಕೇರಿ.

“ಅಯ್ಯೋ, ಅಮ್ಮನ ಹೆಸರು! ಕಂಡ ಕಂಡ ಗಂಡಸರೆಲ್ಲ ಓದ್ತಾರಲ್ಲೇ, ದೌಲತ್!”

“ಮುಖ ನೋಡಬಹುದು, ಹೆಸರು ಓದಬಾರದಾ ಅಣ್ಣ?”

“ನಿಂಗೇನೇ ಗೊತ್ತು? ಶಾಲೇಲಿ ಒಬ್ಬನಿಗೆ ಗೊತ್ತಾಗಿದ್ದಕ್ಕೆ ಬೀದಿ ತುಂಬ ಅದನ್ನೇ ಕೂಗಿ ಅಣಕಿಸಿದ್ರು. ಹಲ್ಲು ಮುರ್ಕೊಂಡವನು ನಾನು!”

ನಮ್ಮಲ್ಲಿ ಗಂಡುಮಕ್ಕಳು ತಾಯಿಯ ಹೆಸರನ್ನು ಹೊರಗೆ ಎತ್ತುವುದಿಲ್ಲ. ಬೀದಿಗೆಲ್ಲ ಅವಳು ಉಮ್ಮ್ ಬದವಿ, ಅಂದರೆ ಅಣ್ಣ ಬದವಿಯ ತಾಯಿ. ಸತ್ತಾಗ ಪತ್ರಿಕೆಯಲ್ಲಿ ಬಂದದ್ದೂ ಅಷ್ಟೇ.

ಅವಳ ಮಕ್ಕಳಾದ ನಾವಿಬ್ಬರೂ ಕೇಳಿದರೆ ಸಂಗ್ರಹಾಲಯದವರು ಫಲಕ ತೆಗೆಯುತ್ತಾರಂತೆ. ನಾಳೆ ಬೆಳಿಗ್ಗೆ ಅಣ್ಣ ನನ್ನನ್ನು ಕರೆದೊಯ್ಯಲು ಬರುತ್ತಾನೆ.

“ನೀನು ಬರ್ಲಿಲ್ಲ ಅಂದ್ರೆ ಇನ್ನು ನಿನ್ನ ಹೊಸ್ತಿಲು ತುಳಿಯಲ್ಲ” ಎಂದು ಬಾಗಿಲು ಬಡಿದು ಹೋದ. ಅವನು ಹೇಳಿದರೆ ಹೇಳಿದ್ದೇ.

ನಾನೂ ಎಲ್ಲರಿಗೂ ಉಮ್ಮ್ ವಹೀದ್. ಗಂಡ ಕೂಡ ಸಾಯುವವರೆಗೆ ಹಾಗೇ ಕರೆದರು. ನನ್ನನ್ನು ದೌಲತ್ ಎನ್ನುವವನು ಲೋಕದಲ್ಲಿ ಅಣ್ಣನೊಬ್ಬನೇ ಉಳಿದಿದ್ದಾನೆ.

ನಾಳೆ ಮೆಟ್ಟಿಲ ಕೆಳಗೆ ನಿಂತು ಆ ಹೆಸರನ್ನೇ ಕೂಗುತ್ತಾನೆ. ಕೇಳಿಸಿಕೊಂಡೂ ಇಳಿಯದೆ ಇರುವಷ್ಟು ಗಟ್ಟಿ ಮನಸ್ಸು ನನಗೆ ಬರಲಿ, ದೇವರೇ.